ಹುಳದ ಡೋರ್ಕಸ್ ಮತ್ತು ಆಚೆ ದಡ

ಡೋರ್ಕಸ್ ಹಾಲಮ್ ಬಸ್ಸು ಹತ್ತಿದರೆ ಅರ್ಧ ಬಸ್ಸು ಖಾಲಿಯಾಗುತ್ತಿತ್ತು. ಇದು ಉತ್ಪ್ರೇಕ್ಷೆ ಎನ್ನುವವರು ಅವಳ ಹಿತ್ತಲಿಗೆ ಒಮ್ಮೆಯೂ ಕಾಲಿಟ್ಟವರಲ್ಲ. ಅಲ್ಲಿ ಎರಡು ತಗಡಿನ ಗುಡಿಸಲುಗಳಿದ್ದವು. ಒಂದರಲ್ಲಿ ಕಟುಕನ ಅಂಗಡಿಯಲ್ಲಿ ಮಾರಾಟವಾಗದೆ ಉಳಿದ ಮಾಂಸವನ್ನು ಕೊಕ್ಕೆಗೆ ತೂಗುಹಾಕಿ ನೊಣಗಳಿಗೆ ಬಿಟ್ಟುಕೊಡುತ್ತಿದ್ದಳು. ಇನ್ನೊಂದರಲ್ಲಿ ಮರದ ಹೊಟ್ಟು ತುಂಬಿದ ತೊಟ್ಟಿಗಳೊಳಗೆ ಬಿಳಿಹುಳಗಳು ಮಿಜಿಮಿಜಿ ಎನ್ನುತ್ತಿದ್ದವು. ಪ್ರಾರ್ಥನಾ ಮಂದಿರದಲ್ಲಿ ಅವಳಿಗೆ ಬಾಗಿಲ ಬಳಿಯ ಕೊನೆಯ ಬೆಂಚು. ಪಾದ್ರಿ ಕೂಡ ಅವಳ ಕೈ ಕುಲುಕುವಾಗ ಉಸಿರು ಬಿಗಿಹಿಡಿಯುತ್ತಿದ್ದ.

ಆದರೆ ಭಾನುವಾರ ಬೆಳಗಾದರೆ ಊರಿನ ಗಂಡಸರೆಲ್ಲ ಮೂಗು ಮರೆತು ಅವಳ ಬಾಗಿಲಲ್ಲಿ ತಗಡಿನ ಡಬ್ಬಿ ಹಿಡಿದು ಸಾಲು ನಿಲ್ಲುತ್ತಿದ್ದೆವು. ಐಡಲ್ ನದಿಯಲ್ಲಿ ಗಾಳ ಹಾಕುವವನಿಗೆ ಡೋರ್ಕಸಳ ಹುಳವಿಲ್ಲದೆ ದಿನ ಹೋಗುತ್ತಿರಲಿಲ್ಲ. ದಪ್ಪ, ಶುಭ್ರ, ಗಾಳಕ್ಕೆ ಚುಚ್ಚಿದ ಮೇಲೂ ಗಳಿಗೆಗಟ್ಟಲೆ ಕುಣಿಯುವ ಹುಳ. ನಮ್ಮ ಗಾಳಗಾರರ ಸಂಘದ ಕಪಾಟಿನಲ್ಲಿರುವ ಬಹುಮಾನದ ಲೋಟಗಳೆಲ್ಲ ಅವಳ ಹುಳ ಗೆದ್ದು ತಂದವು. ಅವುಗಳ ಮೇಲೆ ಕೆತ್ತಿರುವ ಹೆಸರುಗಳು ಮಾತ್ರ ನಮ್ಮವು.

ನಾನು ಲೆನ್ ಗಿಲ್ಯಾಟ್. ಆ ಸಂಘದ ತೂಕದವನು. ಸ್ಪರ್ಧೆ ಮುಗಿದ ಮೇಲೆ ದಡದಲ್ಲಿ ಒಬ್ಬೊಬ್ಬನ ಜಾಗಕ್ಕೆ ಗುರುತಾಗಿ ನೆಟ್ಟ ಗೂಟದಿಂದ ಗೂಟಕ್ಕೆ ಹೋಗಿ, ನೀರಲ್ಲಿ ಮುಳುಗಿಸಿಟ್ಟ ಬಲೆಚೀಲದ ಜೀವಂತ ಮೀನನ್ನೂ ತಂತಿಬುಟ್ಟಿಗೆ ಸುರಿದು, ತೂಗಿ, ಪುಸ್ತಕದಲ್ಲಿ ಬರೆದು, ಮತ್ತೆ ನೀರಿಗೆ ಬಿಡುವ ಕೆಲಸ. ನಮ್ಮಲ್ಲಿ ಮೀನನ್ನು ಯಾರೂ ಮನೆಗೆ ಒಯ್ಯುವುದಿಲ್ಲ. ಉಳಿಯುವುದು ಪುಸ್ತಕದ ಸಾಲು ಒಂದೇ. ಆ ಸಾಲಿಗಾಗಿ ಅಣ್ಣತಮ್ಮಂದಿರು ಮಾತು ಬಿಟ್ಟದ್ದನ್ನು ನಾನು ಕಂಡಿದ್ದೇನೆ.

ಡೋರ್ಕಸ್‌ಗೂ ಬೇಕಾಗಿದ್ದದ್ದು ಅದೇ ಸಾಲು. ಅವಳಪ್ಪ ಗಂಡುಮಕ್ಕಳಿಲ್ಲದೆ ಇವಳ ತಲೆಗೇ ತನ್ನ ಟೋಪಿ ಹಾಕಿ ನದಿಗೆ ಕರೆದೊಯ್ದಿದ್ದ. ಏಳು ವರ್ಷಕ್ಕೆ ನವಿಲುಗರಿಯ ಕಡ್ಡಿಯಿಂದ ಗಾಳದ ದಾರಕ್ಕೆ ಕಟ್ಟುವ ತೇಲುವ ಬೆಂಡು ಮಾಡಲು ಕಲಿತಳು. ಗಂಡ ದೋಣಿ ನಡೆಸುವವನು, ಮದುವೆಯಾದ ಆರನೇ ವರ್ಷಕ್ಕೆ ತೀರಿಕೊಂಡ. ಅಂದಿನಿಂದ ಹುಳ ಸಾಕಿಯೇ ಬದುಕಿದಳು. ಸಂಘದ ನಾಲ್ಕನೇ ನಿಯಮ ಹೆಂಗಸರಿಗೆ ಪ್ರವೇಶವಿಲ್ಲ ಎನ್ನುತ್ತಿತ್ತು. ಆದರೂ ಪ್ರತಿ ಅಕ್ಟೋಬರ್‌ನಲ್ಲಿ ಪಬ್ಬಿನಲ್ಲಿ ಸೇರುವ ಸಭೆಗೆ ಅರ್ಜಿ ತುಂಬಿ ತರುತ್ತಿದ್ದಳು. ಅಧ್ಯಕ್ಷ ಹೊರೇಸ್ ಬಿಂಗಮ್ ಅದನ್ನು ಓದದೆ ಹಿಂತಿರುಗಿಸುತ್ತಿದ್ದ. ಹತ್ತೊಂಬತ್ತು ಅಕ್ಟೋಬರ್. ಹತ್ತೊಂಬತ್ತು ಸಲವೂ ನಾನು ಅದೇ ಮೇಜಿಗೆ ಕೂತು ಬಿಯರ್ ಕುಡಿಯುತ್ತಿದ್ದೆ, ತುಟಿ ಬಿಚ್ಚಲಿಲ್ಲ. ಆ ನಾಚಿಕೆ ಈಗಲೂ ಇದೆ.

ಹತ್ತೊಂಬತ್ತನೆಯ ಸಲ, ಅಂದರೆ ಅರವತ್ತಾರರ ಅಕ್ಟೋಬರ್‌ನಲ್ಲಿ, ಹೊರೇಸ್ ಕಾರಣ ಹೇಳುವ ತಪ್ಪು ಮಾಡಿದ.

"ನೋಡು ಡೋರ್ಕಸ್, ಬೇಜಾರು ಮಾಡ್ಕೋಬೇಡ. ಐದು ಗಂಟೆ ದಡದಲ್ಲಿ ಕೂತಿರ್ತೀವಿ. ಗಂಡಸರು ಆಗಾಗ ಪೊದೆ ಹಿಂದೆ ಹೋಗ್ಬೇಕಾಗತ್ತೆ. ಹೆಂಗಸು ಎದುರಿಗಿದ್ರೆ ಹೆಂಗೆ ಹೋಗೋದು?"

"ಮೂವತ್ತು ವರ್ಷದಿಂದ ಅದೇ ದಡದಲ್ಲಿ ಓಡಾಡ್ತಿದೀನಿ ಹೊರೇಸ್. ನೋಡಿ ಮೂರ್ಛೆ ಹೋಗೋವಂಥದ್ದು ಅಲ್ಲೇನೂ ಕಾಣ್ಲಿಲ್ಲ ನಂಗೆ."

ಪಬ್ಬಿನ ಹಿಂಕೋಣೆ ಬಿದ್ದು ಬಿದ್ದು ನಕ್ಕಿತು. ಹೊರೇಸನ ಕಿವಿ ಕೆಂಪಾಯಿತು. ಅರ್ಜಿಯನ್ನು ಅವಳೆದುರಿಗೇ ನಾಲ್ಕು ಚೂರು ಮಾಡಿದ. ಅವಳು ಚೂರುಗಳನ್ನು ಆಯ್ದು ಕೋಟಿನ ಜೇಬಿಗೆ ಹಾಕಿಕೊಂಡಳು. "ಹುಳಕ್ಕೆ ಹೆಂಗಸು ಆಗತ್ತೆ, ಗೂಟಕ್ಕೆ ಆಗಲ್ಲ. ಸರಿ ಬಿಡು," ಎಂದು ಹೇಳಿ ಹೊರಟಳು. ಸರಿ ಬಿಡು ಎಂದವಳು ಬಿಡುವವಳಲ್ಲ ಎಂದು ನಮಗೆ ಹೊಳೆಯಬೇಕಿತ್ತು.

ಫೆಬ್ರವರಿಯ ಎರಡನೇ ಭಾನುವಾರ ಚಳಿಗಾಲದ ದೊಡ್ಡ ಸ್ಪರ್ಧೆ. ಹುಲ್ಲೆಲ್ಲ ಹಿಮಗಟ್ಟಿ ಬೂಟಿನಡಿ ಕರುಂ ಕರುಂ ಎನ್ನುತ್ತಿತ್ತು. ನಲವತ್ಮೂರು ಜನ ಚೀಲದೊಳಗೆ ಕೈ ಹಾಕಿ ಗೂಟದ ಸಂಖ್ಯೆ ಎತ್ತಿ, ತಮ್ಮ ತಮ್ಮ ಜಾಗಕ್ಕೆ ಹೋಗಿ ಕೂತರು. ಹತ್ತು ಗಂಟೆಗೆ ನಾನು ಸೀಟಿ ಊದುವ ಹೊತ್ತಿಗೆ ನೋಡುತ್ತೇನೆ, ಆಚೆ ದಡದ ಹಳೆಯ ವಿಲ್ಲೊ ಮರದ ಪಕ್ಕ ಗಾಳದ ಸಾಮಾನಿನ ಬುಟ್ಟಿಯ ಮೇಲೆ ಡೋರ್ಕಸ್ ಕೂತಿದ್ದಾಳೆ. ತಲೆಗೆ ಅಪ್ಪನ ಟೋಪಿ.

"ಏಯ್! ಇದು ಸಂಘದ ನೀರು!" ಹೊರೇಸ್ ಕೂಗಿದ. ಅವನ ಗೂಟ ಸರಿಯಾಗಿ ಅವಳ ಎದುರಿಗೇ ಬಿದ್ದಿತ್ತು. ನಡುವೆ ಇಪ್ಪತ್ತು ಗಜ ನೀರು.

"ಅರ್ಧ ನದಿ ನಿಮ್ದು. ಈ ಅರ್ಧ ಈ ಹೊಲದ ರೈತನದು. ಅವನ ಒಪ್ಪಿಗೆ ಚೀಟಿ ಜೇಬಲ್ಲಿದೆ, ಈಜ್ಕೊಂಡು ಬಂದು ನೋಡ್ಕೋ. ಲೆನ್, ಸೀಟಿ ಊದಪ್ಪ, ಚಳಿ ಆಗ್ತಿದೆ."

ಊದಿದೆ. ಅವಳು ಸೀಟಿಯ ಸದ್ದು ಮುಗಿಯುವವರೆಗೆ ಕಾದು ಗಾಳ ಬೀಸಿದಳು.

ನಮ್ಮ ದಡದಲ್ಲಿ ಬೆಂಡುಗಳು ನೆಟ್ಟ ಮೊಳೆಯ ಹಾಗೆ ನಿಂತವು. ಅಷ್ಟು ತಣ್ಣನೆಯ ನೀರಿನಲ್ಲಿ ಹುಳಗಳು ಸೆಟೆದುಕೊಳ್ಳುತ್ತವೆ, ಸೆಟೆದ ಹುಳವನ್ನು ಮೀನು ಮುಟ್ಟುವುದಿಲ್ಲ. ಅದಕ್ಕೆ ಇರುವ ಮದ್ದು ಒಂದೇ, ಒಂದು ಚಿಟಿಕೆ ಹುಳವನ್ನು ಕೆಳತುಟಿಯ ಒಳಗೆ ಇಟ್ಟುಕೊಂಡು ಬೆಚ್ಚಗೆ ಮಾಡುವುದು. ನಮ್ಮಲ್ಲಿ ಗಟ್ಟಿಗರು ಎನಿಸಿಕೊಂಡವರು ಐದಾರು ಜನ ಹಾಗೆ ಮಾಡುತ್ತಿದ್ದರು. ಹೊರೇಸ್‌ಗೆ ಅದು ಎಂದೂ ಆಗಿಬರಲಿಲ್ಲ, ವಾಕರಿಕೆ ಬರುತ್ತಿತ್ತು. ಡೋರ್ಕಸ್ ಎಲೆಯಡಿಕೆಯ ಹಾಗೆ ತುಟಿಯೊಳಗೆ ಹುಳ ಇಟ್ಟುಕೊಂಡು, ಒಂದೊಂದನ್ನೇ ತೆಗೆದು ಗಾಳಕ್ಕೆ ಚುಚ್ಚಿ ಬಿಡುತ್ತಿದ್ದಳು. ನಡುನಡುವೆ ನಾಲ್ಕೇ ನಾಲ್ಕು ಹುಳವನ್ನು ವಿಲ್ಲೊ ಬೇರಿನ ಹತ್ತಿರ ಎಸೆಯುತ್ತಿದ್ದಳು, ಐದನೆಯದಿಲ್ಲ; ಮೀನಿಗೆ ಆಸೆ ಹತ್ತಬೇಕು, ಹೊಟ್ಟೆ ತುಂಬಬಾರದು.

ಆ ಬೇರಿನ ಸಂದಿನಲ್ಲಿ ಹರಿವು ನಿಂತು ನೀರು ಒಂದಿಷ್ಟು ಬೆಚ್ಚಗಿರುತ್ತದೆ ಎಂದು ನಮಗೆ ಗೊತ್ತಿರಲಿಲ್ಲ. ಅವಳಿಗೆ ಗೊತ್ತಿತ್ತು. ಚಳಿಗಾಲದುದ್ದಕ್ಕೂ ಮಿಂಚುಳ್ಳಿ ಆ ಮರದ ಒಂದೇ ಕೊಂಬೆಯಿಂದ ಧುಮುಕುವುದನ್ನು, ಬೂದು ಕೊಕ್ಕರೆ ಅಲ್ಲೇ ಗಂಟೆಗಟ್ಟಲೆ ನಿಲ್ಲುವುದನ್ನು ಅವಳು ದಡದಲ್ಲಿ ಹುಳ ಮಾರುತ್ತಾ ಓಡಾಡುವಾಗ ನೋಡಿದ್ದಳು. ನಾವು ನಮ್ಮ ಬೆಂಡು ಬಿಟ್ಟು ಬೇರೇನನ್ನೂ ನೋಡಿದವರಲ್ಲ.

ಹನ್ನೊಂದರ ಹೊತ್ತಿಗೆ ಅವಳ ಬೆಂಡು ಮುಳುಗಿತು. ಬೆಳ್ಳಿ ಮೈಯ, ಕೆಂಪು ರೆಕ್ಕೆಯ ರೋಚ್ ಮೀನು. ಆಮೇಲೆ ಇನ್ನೊಂದು. ಹನ್ನೆರಡಕ್ಕೆ ದಪ್ಪ ತುಟಿಯ ಒಂದು ಚಬ್ ಮೀನು ಬೇರಿನೊಳಗೆ ನುಗ್ಗಲು ನೋಡಿತು. ಅವಳು ಕೋಲನ್ನು ನೀರಿಗೆ ಅಡ್ಡ ಮಲಗಿಸಿ, ಅದರ ತಲೆಯನ್ನು ಪಕ್ಕಕ್ಕೆ ತಿರುಗಿಸಿ, ಅವಸರವಿಲ್ಲದೆ ಕೈಬಲೆಗೆ ಇಳಿಸಿಕೊಂಡಳು. ಈಚೆ ದಡದವರು ತಮ್ಮ ಬೆಂಡು ಬಿಟ್ಟು ಅವಳದನ್ನೇ ನೋಡತೊಡಗಿದರು.

"ಅದೃಷ್ಟ ಅಷ್ಟೆ," ಎಂದ ಹೊರೇಸ್.

"ಹೌದು ಬಿಡು, ಹತ್ತೊಂಬತ್ತು ವರ್ಷದ್ದು ಒಟ್ಟಿಗೇ ಬರ್ತಿದೆ," ಎಂದಳು ಆಚೆಯಿಂದ. ತುಟಿಯಲ್ಲಿ ಹುಳವಿದ್ದರೂ ಮಾತು ಸ್ಪಷ್ಟವಾಗಿತ್ತು.

ಮೂರಕ್ಕೆ ಸೀಟಿ. ಅವಳೂ ಅದೇ ಗಳಿಗೆಗೆ ಗಾಳ ಎತ್ತಿದಳು. ನಾನು ಮುಕ್ಕಾಲಿ, ತಕ್ಕಡಿ, ಬುಟ್ಟಿ ಹೊತ್ತು ಸಾಲು ಹಿಡಿದು ಹೋದೆ. ಹೊರೇಸನದು ಮೂರು ಪೌಂಡ್ ಒಂಬತ್ತು ಔನ್ಸ್, ಅದೇ ಎಲ್ಲಕ್ಕಿಂತ ಮೇಲು. ಅವನ ಮುಖದಲ್ಲಿ ಗೆದ್ದ ಕಳೆ ಇರಲಿಲ್ಲ.

"ಲೆನ್! ನನ್ನ ಬಲೆ ಇನ್ನೂ ನೀರಲ್ಲಿದೆ. ಬರ್ತೀಯಾ, ಬಿಟ್ಬಿಡ್ಲಾ?"

ಅವಳು ಬಲೆಯ ಬಾಯಿ ಹಿಡಿದು ನಿಂತಿದ್ದಳು. ಬಿಟ್ಟರೆ ಮುಗಿಯಿತು, ಅವಳು ಏನು ಹಿಡಿದಳು ಎಂಬುದಕ್ಕೆ ಲೋಕದಲ್ಲಿ ಸಾಕ್ಷಿಯೇ ಇರುವುದಿಲ್ಲ. ಸೇತುವೆ ಅರ್ಧ ಮೈಲಿ ದೂರ.

"ಸಂಘದ ತಕ್ಕಡಿ ಆಚೆ ಹೋಗಲ್ಲ," ಎಂದ ಹೊರೇಸ್.

"ತಕ್ಕಡಿ ಸಂಘದ್ದಲ್ಲ ಹೊರೇಸ್. ನಮ್ಮಪ್ಪನ ಕಲ್ಲಿದ್ದಲು ಡಿಪೋದ್ದು," ಎಂದೆ. ಅಷ್ಟು ಹೇಳಲು ನನಗೆ ಹತ್ತೊಂಬತ್ತು ವರ್ಷ ಬೇಕಾಯಿತು. ಮುಕ್ಕಾಲಿ ಹೆಗಲಿಗೇರಿಸಿ ನಡೆದೆ. ಹಿಂದೆ ಯಾರೋ ಬಯ್ಯುತ್ತಿದ್ದರು, ಯಾರೋ ನಗುತ್ತಿದ್ದರು. ನಾನು ತಿರುಗಿ ನೋಡಲಿಲ್ಲ.

ನಾನು ತಲುಪುವವರೆಗೂ ಅವಳು ಕದಲಿರಲಿಲ್ಲ. ಬುಟ್ಟಿಗೆ ಸುರಿದಾಗ ತಕ್ಕಡಿಯ ಮುಳ್ಳು ಸರ್ರನೆ ಹೋಗಿ ಅದುರಿ ನಿಂತಿತು.

"ಹನ್ನೊಂದು ಪೌಂಡ್ ಆರು ಔನ್ಸ್!" ಎಂದು ನದಿಯಾಚೆಗೆ ಕೂಗಿದೆ. ಅವಳು ಮೀನುಗಳನ್ನು ಮೆಲ್ಲಗೆ ನೀರಿಗೆ ಬಿಟ್ಟು, ಬಾಯಲ್ಲಿ ಉಳಿದಿದ್ದ ಹುಳಗಳನ್ನೂ ಅವಕ್ಕೇ ಉಗಿದಳು.

ಆ ಸಂಜೆ ಪಬ್ಬಿನಲ್ಲಿ ಪುಸ್ತಕ ತೆರೆದಾಗ ಹೊರೇಸ್ ಅದರ ಮೇಲೆ ಅಂಗೈ ಊರಿದ. "ಸದಸ್ಯರಲ್ಲದೋರ ಹೆಸ್ರು ಇದರಲ್ಲಿ ಬರಲ್ಲ. ನಾನಿರೋವರೆಗೂ ಬರಲ್ಲ."

"ಹಾಗಾದ್ರೆ ನನ್ನ ತಕ್ಕಡೀನೂ ಬರಲ್ಲ," ಎಂದು ಎದ್ದು ಬಂದೆ.

ನೀವು ತಕ್ಕಡಿಯಿಲ್ಲದ ಮೀನುಗಾರರನ್ನು ನೋಡಿಲ್ಲ. ಮುಂದಿನ ಭಾನುವಾರ ಕಟುಕನ ತಕ್ಕಡಿ ಕೇಳಲು ಹೋದರು. ಮೀನಿನ ಲೋಳೆ ಅಂಟಿದರೆ ನನ್ನ ಸಾಸೇಜು ಯಾರು ತಿನ್ನುತ್ತಾರೆ ಎಂದು ಅವನು ಬಾಗಿಲು ಹಾಕಿಕೊಂಡ. ಕಣ್ಣಳತೆಯಲ್ಲೇ ತೀರ್ಮಾನಿಸೋಣ ಎಂದರು. ಎರಡೇ ಎರಡು ರೋಚ್ ಮೀನಿನ ಮೇಲೆ ಇಬ್ಬರು ಅಜ್ಜಂದಿರು ಒಬ್ಬರ ಕೊರಳಪಟ್ಟಿ ಒಬ್ಬರು ಹಿಡಿದರು. ನಾಲ್ಕನೆಯ ವಾರಕ್ಕೆ, ಮೀನು ಮೊಟ್ಟೆಯಿಡುವ ಕಾಲವೆಂದು ನದಿ ಮೂರು ತಿಂಗಳು ಗಾಳಕ್ಕೆ ಮುಚ್ಚುವ ಮುನ್ನ, ಸದಸ್ಯರೇ ಸಭೆ ಕರೆದರು. ನಾಲ್ಕನೇ ನಿಯಮ ತೆಗೆಯಲು ಮೂವತ್ತೊಂದು ಕೈ ಎದ್ದವು, ಬೇಡವೆಂದು ಹನ್ನೆರಡು. ಎಲ್ಲರಿಗೂ ಒಮ್ಮೆಲೇ ನ್ಯಾಯಬುದ್ಧಿ ಬಂತೆಂದು ನಾನು ಹೇಳುವುದಿಲ್ಲ. ಅವರಿಗೆ ತಕ್ಕಡಿ ಬೇಕಿತ್ತು. ಇದನ್ನು ಹೇಳಿದಾಗ ಡೋರ್ಕಸ್, "ಯಾವ ಬಾಗಿಲಿಂದಾದ್ರೂ ಸರಿ, ಒಳಗೆ ಬಂದೆನಲ್ಲ," ಎಂದಳು.

ಜೂನ್ ಹದಿನಾರಕ್ಕೆ ನದಿ ತೆರೆಯಿತು. ಆ ಭಾನುವಾರ ಮೊದಲ ಸ್ಪರ್ಧೆ. ಡೋರ್ಕಸ್ ಎಲ್ಲರ ಜೊತೆ ಸಾಲಿನಲ್ಲಿ ನಿಂತು ಚೀಲಕ್ಕೆ ಕೈ ಹಾಕಿದಳು. ಎತ್ತಿದ್ದು ಒಂದನೇ ಗೂಟ. ಕೆಲವರು ನಕ್ಕರು, ಕೆಲವರು ಅಯ್ಯೋ ಎಂದರು. ಅದು ದನಗಳು ನೀರು ಕುಡಿಯುವ ಜಾಗ. ಮೊಳಕಾಲುದ್ದ ನೀರು, ರಾಡಿ. ಅಲ್ಲಿ ಮೀನು ಹಿಡಿದವರನ್ನು ನಾನು ಕಂಡಿಲ್ಲ.

"ಬೇಕಿದ್ರೆ ಬದಲಾಯಿಸ್ಕೋ ಡೋರ್ಕಸ್, ಇವತ್ತೊಂದಿನ ಬಿಡೋಣ," ಎಂದ ಹೊರೇಸ್. ಅವನ ದನಿಯಲ್ಲಿ ಔದಾರ್ಯ ತುಳುಕುತ್ತಿತ್ತು.

"ನೀನು ಒಂದನೇ ಗೂಟ ಎತ್ತಿದಾಗ ಯಾರಾದ್ರೂ ಬದಲಾಯಿಸಿದ್ರಾ?"

"ಇಲ್ಲ."

"ಮತ್ತೆ?"

ಐದು ಗಂಟೆ ಬಿಸಿಲಲ್ಲಿ ಕೂತಳು. ಹಸುಗಳು ಬಂದು ಅವಳ ಬೆಂಡಿನ ಪಕ್ಕದಲ್ಲೇ ನೀರು ಕುಡಿದವು, ಒಂದು ಅವಳು ಮೀನಿಗೆ ಎರಚಲು ತಂದ ರಸ್ಕಿನ ಪುಡಿಯನ್ನೆಲ್ಲ ನೆಕ್ಕಿ ಹೋಯಿತು. ನೀರಿಲಿಯೊಂದು ಎದುರಿಗೇ ಕೂತು ಜೊಂಡು ಕಡಿಯುತ್ತಿತ್ತು. ಬೆಂಡು ಒಮ್ಮೆಯೂ ಮುಳುಗಲಿಲ್ಲ. ಮೂರಕ್ಕೆ ನಾನು ಸೀಟಿ ಊದಿ, ದೂರದ ತುದಿಯಿಂದ ತೂಗುತ್ತಾ ಬಂದೆ. ಕೊನೆಗೆ ಉಳಿದದ್ದು ಒಂದನೇ ಗೂಟ. ಸ್ಪರ್ಧೆಯಲ್ಲಿ ಏನೂ ಸಿಗದವನು ತೂಕದವನು ಬರುವ ಮೊದಲೇ ಗಂಟುಮೂಟೆ ಕಟ್ಟಿ ಜಾಗ ಖಾಲಿ ಮಾಡುವುದು ನಮ್ಮಲ್ಲಿ ರೂಢಿ, ಪುಸ್ತಕದಲ್ಲಿ ಅವನ ಹೆಸರೂ ಇರುವುದಿಲ್ಲ. ಅವತ್ತು ಹಾಗೆ ಹದಿನಾಲ್ಕು ಜನ ಹೋಗಿದ್ದರು. ಡೋರ್ಕಸ್ ಹೋಗಿರಲಿಲ್ಲ. ಬುಟ್ಟಿಯ ಮೇಲೆ ನೆಟ್ಟಗೆ ಕೂತಿದ್ದಳು, ಬಲೆಚೀಲ ನೀರಿನಲ್ಲಿತ್ತು.

"ಏನಾದ್ರೂ ಇದೆಯಾ?" ಎಂದೆ.

"ಏನೂ ಇಲ್ಲ. ತೂಗು."

ನನ್ನ ಹಿಂದೆ ಬಂದಿದ್ದ ಹೊರೇಸ್ ಗೊಣಗಿದ. "ಖಾಲಿ ಬಲೆ ತೂಗೋ ಪದ್ಧತಿ ಇಲ್ಲ ಡೋರ್ಕಸ್. ಸುಮ್ನೆ ಮನೆಗೆ ಹೋಗು. ಎಲ್ರೂ ಹಾಗೇ ಹೋಗ್ತಾರೆ, ಮರ್ಯಾದೆ ಉಳಿಯತ್ತೆ."

"ನಿಮ್ಮ ಹೆಸ್ರು ನೂರು ಸಲ ಬರ್ದಿದೆ, ಅದಕ್ಕೆ ನಾಚ್ಕೊಂಡು ಓಡ್ತೀರಿ. ನಾನ್ಯಾಕೆ ಓಡ್ಲಿ? ತೂಗು ಲೆನ್."

ಬಲೆಯನ್ನು ಬುಟ್ಟಿಗೆ ಕೊಡವಿದೆ. ಒಂದು ಬಸವನಹುಳು ಬಿತ್ತು.

"ಅದನ್ನ ತೆಗಿ. ದಾನ ಬೇಡ ನಂಗೆ."

ತೆಗೆದು ನೀರಿಗೆ ಹಾಕಿದೆ. ಮುಳ್ಳು ಅಲುಗಾಡದೆ ನಿಂತಿತ್ತು. ನಾನು ಪೆನ್ಸಿಲ್ ತೆಗೆದೆ. ಅವಳು ಎದ್ದು ಬಂದು ನನ್ನ ಭುಜದ ಪಕ್ಕ ನಿಂತಳು. ಆ ವಾಸನೆ ಮೂಗಿಗೆ ಹೊಡೆಯಿತು, ನಾನು ಸರಿಯಲಿಲ್ಲ. ಹೊರೇಸೂ ಸರಿಯಲಿಲ್ಲ. ಡೋರ್ಕಸ್ ಹಾಲಮ್, ಒಂದನೇ ಗೂಟ ಎಂದು ಬರೆದು, ತೂಕದ ಜಾಗದಲ್ಲಿ ಸೊನ್ನೆ ಹಾಕಿದೆ.

"ಸೊನ್ನೆ ಸಣ್ಣದಾಯ್ತು," ಎಂದಳು. "ದೊಡ್ಡದಾಗಿ ಬರಿ."