ಅಳತೆ ಬರೆಯಲು ಮಾತ್ರೆ

ಮೊನ್ನೆ ಬೆಳಿಗ್ಗೆ ಕನ್ನಡಕದ ಕಾಲು ಸಡಿಲವಾಯಿತೆಂದು ಸಣ್ಣ ಸ್ಕ್ರೂಡ್ರೈವರ್ ಹುಡುಕಲು ಬೀರುವಿನ ಕೆಳಗಿನ ಖಾನೆ ಎಳೆದೆ. ಅದು ನನ್ನ ಖಾನೆ. ಒಳಗೆ ಏನಿದೆಯೆಂದು ನನ್ನ ಹೆಂಡತಿ ಸರೋಜ ಕೇಳುವುದನ್ನು ಬಿಟ್ಟು ಎಷ್ಟೋ ವರ್ಷಗಳಾದವು. ಬಾಲವಿಲ್ಲದ ಚಾರ್ಜರುಗಳು, ಬಾಯಿಲ್ಲದ ಕೇಬಲ್ಲುಗಳು, ಅವುಗಳ ಅಡಿಯಲ್ಲಿ ಬನಿಯನ್ ಬಟ್ಟೆಯ ತುಂಡಿನಲ್ಲಿ ಸುತ್ತಿದ್ದ ಚಪ್ಪಟೆ ಗಂಟೊಂದು ಸಿಕ್ಕಿತು. ಬಿಚ್ಚುವ ಮೊದಲೇ ವಾಸನೆ ಬಂತು. ಕೂಲಂಟ್ ವಾಸನೆ! ಲೇತಿನಲ್ಲಿ ಕಬ್ಬಿಣ ಕೊರೆಯುವಾಗ ಕಾಯದಿರಲೆಂದು ಮೇಲೆ ಸುರಿಸುತ್ತಾರಲ್ಲ, ನೀರು ಬೆರೆಸಿದ ಹಾಲಿನಂತೆ ಕಾಣುವ ದ್ರವ, ಅದರದ್ದು. ಮೂಗಿಗೆ ಅಷ್ಟು ಹಿತವಾದದ್ದಲ್ಲ. ಆದರೆ ಪೀಣ್ಯದ ಒಂದು ಶೆಡ್ಡಿನಲ್ಲಿ ಇಪ್ಪತ್ತು ವರ್ಷ ಕಳೆದವನಿಗೆ ಆ ವಾಸನೆ ಬಂದರೆ ಎದ್ದು ನಿಂತು ಹಾಜರಿ ಹಾಕಬೇಕೆನಿಸುತ್ತದೆ.

ಬಿಚ್ಚಿದರೆ ಒಳಗೆ ಹಳೆಯ ಟ್ಯಾಬ್ಲೆಟ್. ಬೆನ್ನಿಗೆ ಬಿಳಿ ಪ್ಲಾಸ್ಟರ್ ಪಟ್ಟಿ, ಅದರ ಮೇಲೆ ಮಾರ್ಕರಿನಲ್ಲಿ ದಪ್ಪ ಅಕ್ಷರಗಳು: "ಅಳತೆ ಬರೆಯಲು ಮಾತ್ರೆ."

ನಗು ಬಂತು. ಹಿಂದೆಯೇ ಸ್ವಲ್ಪ ನಾಚಿಕೆಯೂ ಬಂತು. ಯಾಕೆಂದರೆ ಆ ಹೊತ್ತಿಗೆ ಸರಿಯಾಗಿ ಒಂದು ವಾರದಿಂದ ನಾನು ಸರೋಜಳಿಗೆ ಟ್ಯಾಬ್ಲೆಟ್ ಬಗ್ಗೆ ಉಪನ್ಯಾಸ ಕೊಡುತ್ತಿದ್ದೆ. ಅವಳು ತನಗೊಂದು ಟ್ಯಾಬ್ಲೆಟ್ ಬೇಕು ಎಂದಿದ್ದಳು, ಅಷ್ಟೆ. ನಾನು ಕಾಗದ ಪೆನ್ನು ಹಿಡಿದು ಕುಳಿತುಬಿಟ್ಟೆ. ಫೋನಿನಂಥ ವ್ಯವಸ್ಥೆ ಇರುವುದೋ, ಪೂರ್ತಿ ಕಂಪ್ಯೂಟರಿನ ವ್ಯವಸ್ಥೆಯೇ ಇರುವುದೋ? ಇವತ್ತು ಜಗತ್ತಿನ ಬುದ್ಧಿವಂತರೆಲ್ಲ ಜಗಳವಾಡುತ್ತಿರುವ ಪ್ರಶ್ನೆ ಇದೇ ಎಂದು ಕಾಫಿಯ ಹೊತ್ತಿನಲ್ಲಿ ಹೇಳಿದೆ, ಊಟದ ಹೊತ್ತಿನಲ್ಲೂ ಹೇಳಿದೆ. ನಾನು ಪೂರ್ತಿಯ ಪಕ್ಷ. ದುಡ್ಡು ಕೊಟ್ಟು ತರುವ ವಸ್ತು ಎಲ್ಲವನ್ನೂ ಮಾಡಬೇಕು ಎನ್ನುವುದು ನನ್ನ ಹಳೆಯ ಚಟ. ನಮ್ಮ ಮನೆಯ ಸೋಫಾ ಕಮ್ ಬೆಡ್ ಕೂಡ ನನ್ನದೇ ಆಯ್ಕೆ. ಅದರ ಮೇಲೆ ಕುಳಿತವರು ಮಲಗಿದರೆ ಚೆನ್ನಾಗಿತ್ತು ಅನ್ನುತ್ತಾರೆ, ಮಲಗಿದವರು ಬೆಳಿಗ್ಗೆ ಎದ್ದು ಕುಳಿತಿದ್ದರೇ ವಾಸಿಯಿತ್ತು ಅನ್ನುತ್ತಾರೆ. ಸೋದರಮಾವ ಒಂದು ಸಲ ಮಲಗಿ ಹೋದವರು ಈಗ ಬಂದರೆ ಚಾಪೆ ಕೇಳುತ್ತಾರೆ.

ಇರಲಿ, ಶೆಡ್ಡಿನ ವಿಷಯಕ್ಕೆ ಬರುತ್ತೇನೆ. ಮರಿಯಪ್ಪನವರ ಕಾರ್ಖಾನೆ ಅದು. ಅವರ ಅಪ್ಪ ರಾಗಿ ಬೆಳೆಯುತ್ತಿದ್ದ ಹೊಲದ ಮೇಲೆಯೇ ಶೆಡ್ಡು ಎದ್ದಿತ್ತು. ಪಂಪುಗಳೊಳಗೆ ಕೂರುವ ಉಕ್ಕಿನ ಸಣ್ಣ ಪಿನ್ನುಗಳನ್ನು ಮಾಡುತ್ತಿದ್ದೆವು. ನಾನು ಆಫೀಸು ನೋಡಿಕೊಳ್ಳುವವನು. ಕಂಪ್ಯೂಟರಿನ ಬಗ್ಗೆ ನನಗೆ ತಿಳಿದಿದ್ದು ಸ್ವಲ್ಪ, ಮಾತನಾಡುತ್ತಿದ್ದುದು ಜಾಸ್ತಿ. ಹೀಗಾಗಿ ಶೆಡ್ಡಿನ ಕಂಪ್ಯೂಟರ್ ಪಂಡಿತನೂ ನಾನೇ ಆಗಿದ್ದೆ.

ಮೊದಲ ಟ್ಯಾಬ್ಲೆಟ್ ಬಂದ ದಿನ ನಾನು ಬಾಗಿಲಲ್ಲಿ ನಿಂತು, "ಯಜಮಾನ್ರೆ, ಟ್ಯಾಬ್ಲೆಟ್ ಬಂತು" ಎಂದು ಕೂಗಿದೆ.

ಮರಿಯಪ್ಪನವರು ಗಾಬರಿಯಿಂದ ಎದ್ದು ಬಂದರು. "ಯಾಕಯ್ಯ, ಯಾರ್ಗೆ ಉಸಾರಿಲ್ಲ?"

ಅಂದಿನಿಂದ ಶೆಡ್ಡಿನಲ್ಲಿ ಅದರ ಹೆಸರು ಮಾತ್ರೆ ಎಂದೇ ಆಯಿತು. ಮಾತ್ರೆ ಚಾರ್ಜಿಗೆ ಹಾಕಿದ್ರಾ, ಮಾತ್ರೆ ಯಾರ ಹತ್ರ ಇದೆ, ಮಾತ್ರೆ ಬಿದ್ದೋಯ್ತು. ಹೊರಗಿನವರು ಕೇಳಿದರೆ ಇದೇನು ಕಾರ್ಖಾನೆಯೋ ಆಸ್ಪತ್ರೆಯೋ ಅಂದುಕೊಳ್ಳಬೇಕು.

ಆ ಮಾತ್ರೆ ಇದ್ದದ್ದು ನೀಲವ್ವನ ಕೈಯಲ್ಲಿ. ಕೊಪ್ಪಳದ ಕಡೆಯ ನೀಲವ್ವ ಗಂಡನ ಜೊತೆ ಕಟ್ಟಡದ ಕೆಲಸಕ್ಕೆಂದು ಬೆಂಗಳೂರಿಗೆ ಬಂದು, ಹತ್ತು ವರ್ಷ ಇಟ್ಟಿಗೆ ಹೊತ್ತು ಮಹಡಿ ಹತ್ತಿ ಮೊಣಕಾಲು ಕಳೆದುಕೊಂಡು, ಆಮೇಲೆ ರಾಜಗೋಪಾಲನಗರದಲ್ಲಿ ಬಾಡಿಗೆ ಕೋಣೆ ಹಿಡಿದು ನಮ್ಮಲ್ಲಿ ಪ್ಯಾಕಿಂಗ್ ಕೆಲಸಕ್ಕೆ ಸೇರಿದವರು. ಒಂದು ದಿನ ಪಿನ್ನುಗಳನ್ನು ಡಬ್ಬಕ್ಕೆ ತುಂಬುತ್ತಿದ್ದವರು ಒಂದನ್ನು ಬೆರಳ ನಡುವೆ ಉರುಳಿಸಿ, "ಇದು ದಪ್ಪ ಐತ್ರಿ" ಎಂದರು. ಮೈಕ್ರೋಮೀಟರು ಹಾಕಿ ನೋಡಿದರೆ ನಿಜ! ಮರಿಯಪ್ಪನವರು ಮರುದಿನವೇ ಅವರನ್ನು ಕಿಟಕಿಯ ಪಕ್ಕದ ತಪಾಸಣೆ ಮೇಜಿಗೆ ಕೂರಿಸಿದರು. ಅಲ್ಲೊಂದು ಸ್ಟೂಲು. ಇಡೀ ಶೆಡ್ಡಿನಲ್ಲಿ ಕೂತು ಮಾಡುವ ಕೆಲಸವಿದ್ದದ್ದು ಎರಡೇ, ಒಂದು ನನ್ನದು, ಇನ್ನೊಂದು ಅವರದ್ದು. ನನ್ನ ಕುರ್ಚಿಯ ಬೆಲೆ ನನಗೆ ಗೊತ್ತಿರಲಿಲ್ಲ. ನೀಲವ್ವನಿಗೆ ತಮ್ಮ ಸ್ಟೂಲಿನ ಬೆಲೆ ಚೆನ್ನಾಗಿ ಗೊತ್ತಿತ್ತು. ಬೆಳಿಗ್ಗೆ ಬಂದು ಮೊದಲು ಅದನ್ನು ಒರೆಸಿ, ಮುಟ್ಟಿ ಕಣ್ಣಿಗೊತ್ತಿಕೊಂಡೇ ಕೂರುತ್ತಿದ್ದರು.

ಆ ಮೊದಲ ಮಾತ್ರೆ ಪರಮ ದಡ್ಡ. ಫೋನಿನ ಅಣ್ಣ ಅನ್ನಬಹುದು. ಅದರಲ್ಲಿದ್ದದ್ದು ಒಂದೇ ಪುಟ, ಪುಟದಲ್ಲಿ ಎರಡು ದೊಡ್ಡ ಚೌಕ. ಒಂದರಲ್ಲಿ ಮಿಲಿಮೀಟರು, ಇನ್ನೊಂದರಲ್ಲಿ ಅದರ ಚೂರು, ನಡುವೆ ಒಂದು ಗೀಟು. ಕೆಳಗೆ ಹಸಿರು ಗುಂಡಿ, ಕೆಂಪು ಗುಂಡಿ. ಬೆರಳ ತುದಿಗೆ ಎಣ್ಣೆ ಇರುತ್ತದೆಂದು ನೀಲವ್ವ ಕಿರುಬೆರಳಿನ ಗೆಣ್ಣಿನಿಂದ ಒತ್ತುತ್ತಿದ್ದರು. ಪಿನ್ನು, ಅಳತೆ, ಟಕ್. ಪಿನ್ನು, ಅಳತೆ, ಟಕ್. ನೋಡುತ್ತ ನಿಂತರೆ ಹೊತ್ತು ಹೋಗುವುದು ತಿಳಿಯುತ್ತಿರಲಿಲ್ಲ.

ಸುಮ್ಮನಿದ್ದರೆ ನಾನು ನಾನಾಗುವುದು ಹೇಗೆ? ನನಗೆ ಆ ದಡ್ಡ ಮಾತ್ರೆಯನ್ನು ಕಂಡರೆ ಅವಮಾನ. ಮರಿಯಪ್ಪನವರ ಕಿವಿ ಕಚ್ಚಿದೆ. "ಇದು ಆಟದ ಸಾಮಾನು ಯಜಮಾನ್ರೆ. ಪೂರ್ತಿ ಕಂಪ್ಯೂಟರಿನ ವ್ಯವಸ್ಥೆ ಇರೋ ಟ್ಯಾಬ್ಲೆಟ್ ತರೋಣ. ಡ್ರಾಯಿಂಗ್ ನೋಡಬಹುದು, ರಿಪೋರ್ಟ್ ಮಾಡಬಹುದು, ಅಲ್ಲೇ ಕೂತು ಮೇಲ್ ಕಳಿಸಬಹುದು."

"ಆಯಮ್ಮ ಯಾರ್ಗಯ್ಯ ಮೇಲ್ ಕಳಿಸ್ತದೆ?" ಎಂದು ಅವರು ಕೇಳಿದರು. ಒಳ್ಳೆಯ ಪ್ರಶ್ನೆ. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ಹೊಸ ಮಾತ್ರೆ ಬಂತು. ಹೊಳೆಯುವ ಮೈ, ಜೊತೆಗೊಂದು ಪೆನ್ನು. ಬಂದ ಮೊದಲ ಸೋಮವಾರ ತನ್ನನ್ನು ತಾನೇ ಸುಧಾರಿಸಿಕೊಳ್ಳುತ್ತಿದ್ದೇನೆ, ದಯವಿಟ್ಟು ಆರಿಸಬೇಡಿ ಎಂದು ಹೇಳಿ ಊಟದವರೆಗೂ ಗಿರಗಿರ ತಿರುಗುತ್ತ ಕುಳಿತಿತ್ತು. ಪರದೆಯ ಕಿಟಕಿ ಮುಚ್ಚುವ ಗುರುತು ಎಳ್ಳಿನಷ್ಟು. ನೀಲವ್ವನ ಗೆಣ್ಣು ಅದನ್ನು ಮುಟ್ಟಲು ಹೋದರೆ ಪಕ್ಕದ ಮೂರು ಕಿಟಕಿಗಳು ತೆರೆದುಕೊಳ್ಳುತ್ತಿದ್ದವು. ಅಕ್ಷರದ ಫಲಕ ಕೆಳಗಿನಿಂದ ಎದ್ದು ಬಂದು, ಎಲ್ಲಿ ಬರೆಯಬೇಕೋ ಅಲ್ಲೇ ಮುಚ್ಚಿ ಕೂರುತ್ತಿತ್ತು. ಒಂದು ಸಲ ಪರದೆ ಅಡ್ಡಡ್ಡ ತಿರುಗಿಬಿಟ್ಟಿತು. ಸರಿ ಮಾಡುವುದು ಹೇಗೆಂದು ತಿಳಿಯದೆ ನೀಲವ್ವ ಎರಡು ದಿನ ಸ್ಟೂಲನ್ನೇ ಮೇಜಿನ ಇನ್ನೊಂದು ಮಗ್ಗುಲಿಗೆ ಎಳೆದುಕೊಂಡು ಕೂತರು.

"ಹೇಗಿದೆ ನೀಲವ್ವ ಹೊಸದು?" ಎಂದು ಹೆಮ್ಮೆಯಿಂದ ಕೇಳಿದೆ.

"ಭಾಳ ಶಾಣ್ಯಾ ಐತ್ರಿ ಸರ್. ಎಲ್ಲಾ ಕೇಳತೈತಿ, ನನ್ನ ಅಳತಿ ಒಂದು ಬಿಟ್ಟು."

ಅದನ್ನು ಹೊಗಳಿಕೆಯೆಂದು ತಿಳಿದು ಒಳಗೆ ಹೋದೆ ನೋಡಿ, ನನ್ನಂಥ ಶಾಣ್ಯಾ ಇನ್ನೊಬ್ಬನಿರಲಿಲ್ಲ.

ಈಗ ಒಂದು ಸಣ್ಣ ಸಂಗತಿ ಹೇಳಬೇಕು, ಇಡೀ ಕಥೆ ನಿಂತಿರುವುದೇ ಅದರ ಮೇಲೆ. ನಮ್ಮ ಶೆಡ್ಡಿನಲ್ಲಿ ಅಳತೆ ಬರೆಯುವಾಗ ಯಾರೂ ಚುಕ್ಕಿ ಇಡುತ್ತಿರಲಿಲ್ಲ. ಹನ್ನೆರಡು ಪಾಯಿಂಟ್ ಸೊನ್ನೆ ನಾಲ್ಕನ್ನು 12-04 ಎಂದು ಗೀಟೆಳೆದು ಬರೆಯುತ್ತಿದ್ದರು. ಕಾಗದದ ರಿಜಿಸ್ಟರಿನ ಕಾಲದಿಂದ ನಡೆದು ಬಂದ ರೂಢಿ. ನನಗೆ ಅದು ಓದು ಬರಹ ಕಡಿಮೆಯವರ ಗುರುತಿನಂತೆ ಕಾಣುತ್ತಿತ್ತು. ದಡ್ಡ ಮಾತ್ರೆಗೆ ಅದರಿಂದ ತೊಂದರೆಯಿರಲಿಲ್ಲ, ಗೀಟು ಅದರಲ್ಲೇ ಇತ್ತಲ್ಲ. ಹೊಸದರಲ್ಲಿ ಪೂರ್ತಿ ಕಂಪ್ಯೂಟರಿನ ಲೆಕ್ಕದ ಹಾಳೆ. ನೀಲವ್ವ ಪಾಪ, ಕಷ್ಟಪಟ್ಟು ಫಲಕದಲ್ಲಿ ಗೀಟು ಹುಡುಕಿ 12-04 ಎಂದು ಒತ್ತಿದರು. ಜಾಣ ಹಾಳೆ ಅದನ್ನು ಏಪ್ರಿಲ್ ಹನ್ನೆರಡು ಎಂದು ಮಾಡಿಕೊಂಡಿತು. 12-02 ಫೆಬ್ರವರಿಗೆ ಹೋಯಿತು. 12-01 ಜನವರಿ. ನಾನು ತೆರೆದೂ ನೋಡದೆ, ನೋಡಿ ಯಜಮಾನ್ರೆ ಒಂದೇ ಗುಂಡಿ ಎಂದು ಹೇಳಿ, ಗಿರಾಕಿಗೆ ಕಳಿಸಿಬಿಟ್ಟೆ.

ಮಧ್ಯಾಹ್ನ ಗಿರಾಕಿಯ ಕಡೆಯವರ ಫೋನು. "ಏನ್ ಸಾರ್, ಪಿನ್ನಿನ ಸೈಜ್ ಕಳ್ಸಿದೀರೋ, ಮದ್ವೆ ಮುಹೂರ್ತ ಕಳ್ಸಿದೀರೋ? ಪಿನ್ನೆಲ್ಲ ವಾಪಸ್ ತಗೊಂಡೋಗಿ, ಮತ್ತೆ ಅಳೆದು ಕಳ್ಸಿ."

ಮರಿಯಪ್ಪನವರ ಮುಖ ಕೆಂಪಾಯಿತು. "ಆಯಮ್ಮಂಗೆ ಇದೆಲ್ಲ ಆಗಾಕಿಲ್ಲ ಕಣಯ್ಯ. ನಾಳೆಯಿಂದ ಪ್ಯಾಕಿಂಗ್‌ಗೆ ಆಕು. ಕಂಪ್ಯೂಟ್ರು ಬರೋರ್ನ ಇಲ್ಲಿ ಕೂರ್ಸನ."

ಪ್ಯಾಕಿಂಗ್ ಅಂದರೆ ಬೆಳಗಿನಿಂದ ಸಂಜೆಯವರೆಗೆ ನಿಂತೇ ಇರಬೇಕು, ಡಬ್ಬ ಎತ್ತಿ ಇಳಿಸಬೇಕು. ಆ ಮೊಣಕಾಲಿನಲ್ಲಿ ಅವರು ಒಂದು ತಿಂಗಳೂ ನಿಲ್ಲಲಾರರು ಎಂದು ನನಗೆ ಗೊತ್ತಿತ್ತು. ಇದು ನನ್ನ ಕಿತಾಪತಿ ಎಂದು ಹೇಳಬೇಕಿತ್ತು. ನಾನು ಹೇಳಿದ್ದು, "ಸರಿ ಯಜಮಾನ್ರೆ." ಇಷ್ಟು ವರ್ಷಗಳ ಮೇಲೂ ಆ ಎರಡು ಪದ ನೆನಪಾದರೆ ಮೈ ಹಿಡಿಯಾಗುತ್ತದೆ.

ಸುದ್ದಿ ತಿಳಿಸಲು ನೀಲವ್ವನ ಮೇಜಿನ ಹತ್ತಿರ ಹೋದೆ. ಅವರು ಕೈಲಿದ್ದ ಪಿನ್ನನ್ನು ಬನಿಯನ್ ಬಟ್ಟೆಯಲ್ಲಿ ಒರೆಸುತ್ತಲೇ ಕೇಳಿಸಿಕೊಂಡರು. ಮೊಣಕಾಲು ಹಿಡಿದುಕೊಂಡು ನಿಧಾನವಾಗಿ ಎದ್ದು, ಸ್ಟೂಲನ್ನು ನನ್ನ ಕಡೆ ಸರಿಸಿದರು.

"ಹೋಗ್ತೀನ್ರಿ. ಅದಕ್ಕೂ ಮೊದ್ಲ ಒಂದು ತಾಸು ನೀವ ಕುಂದರ್ರಿ ಸರ್. ಹೆಂಗ ಮಾಡೂದಂತ ನೋಡತೀನಿ."

ಕುಳಿತೆ. ಒಂದು ತಾಸು ಏನು ಮಹಾ ಅಂದುಕೊಂಡೆ. ಮೊದಲ ಪಿನ್ನು ಅಳೆಯುವಷ್ಟರಲ್ಲಿ ಪರದೆ ನಿದ್ದೆ ಹೋಗಿತ್ತು. ಎಬ್ಬಿಸಿದರೆ ಗುಪ್ತಪದ ಕೇಳಿತು. ಆ ಗುಪ್ತಪದದಲ್ಲಿ ದೊಡ್ಡಕ್ಷರ, ಚಿಕ್ಕಕ್ಷರ, ಅಂಕಿ, ನಕ್ಷತ್ರ ಎಲ್ಲ ಇರಲೇಬೇಕೆಂದು ಹಟ ಹಿಡಿದವನೂ ನಾನೇ. ಎಣ್ಣೆ ಬೆರಳಿಗೆ ನಕ್ಷತ್ರ ಸಿಗಲಿಲ್ಲ. ಕೈ ಒರೆಸಿಕೊಂಡೆ, ಒತ್ತಿದೆ, ಅಷ್ಟರಲ್ಲಿ ಅಳತೆ ಮರೆತಿತ್ತು. ಹೀಗೆ ನಾಲ್ಕು ಪಿನ್ನಾದ ಮೇಲೆ ಸದ್ಯಕ್ಕೆ ಕಾಗದದಲ್ಲಿ ಬರೆದುಕೊಳ್ಳುತ್ತೇನೆ ಎಂದೆ. ಓದಿದವನಲ್ಲವೇ, ಚುಕ್ಕಿ ಇಟ್ಟೇ ಬರೆದೆ. ನಾಲ್ಕು ಸಾಲು ಬರೆದು ಮೇಲಿನದನ್ನು ನೋಡಿದರೆ ಕಾಗದದ ತುಂಬ ಚುಕ್ಕಿ! ನಾನಿಟ್ಟದ್ದು ಯಾವುದು, ಬೆರಳಿನ ಎಣ್ಣೆ ಇಟ್ಟದ್ದು ಯಾವುದು ಎಂದು ನನಗೇ ತಿಳಿಯಲಿಲ್ಲ. ಒಂದು ಸಾಲಿನಲ್ಲಂತೂ ಮೂರು ಪಾಯಿಂಟುಗಳಿದ್ದವು.

ಒಂಬತ್ತನೆಯ ಪಿನ್ನಿಗೆ ನನ್ನ ಕೈ ತಾನಾಗಿಯೇ ಗೀಟು ಎಳೆಯಿತು.

ಬೆನ್ನ ಹಿಂದೆ ನಿಂತಿದ್ದ ನೀಲವ್ವ ಬಗ್ಗಿ ನೋಡಿ, "ಈಗ ಬಂದ್ರಿ ನೋಡ್ರಿ ಲೈನಿಗೆ" ಎಂದರು.

ತಾಸು ಮುಗಿದಾಗ ಹನ್ನೊಂದು ಪಿನ್ನು ಅಳೆದಿದ್ದೆ. ಅವರಾಗಿದ್ದರೆ ಡಬ್ಬವೇ ಖಾಲಿಯಾಗಿರುತ್ತಿತ್ತು. ಆ ಕಾಗದವನ್ನೇ ಹಿಡಿದು ಮರಿಯಪ್ಪನವರ ಹತ್ತಿರ ಹೋಗಿ, ತಪ್ಪು ಆಕೆಯದಲ್ಲ, ನನ್ನದು, ನೋಡದೆ ಕಳಿಸಿದ್ದೂ ನಾನೇ ಎಂದು ಒಂದೇ ಉಸಿರಿನಲ್ಲಿ ಹೇಳಿದೆ. ಅವರು ಕಾಗದವನ್ನು ತಿರುಗಿಸಿ ತಿರುಗಿಸಿ ನೋಡಿದರು.

"ಅಂಗಾದ್ರೆ ನಿನ್ನೇ ಪ್ಯಾಕಿಂಗ್‌ಗೆ ಆಕ್ಲಾ?"

ತಮಾಷೆ ಎಂದುಕೊಂಡೆ. ವಾಪಸು ಬಂದ ಪಿನ್ನುಗಳನ್ನು ಮತ್ತೆ ಡಬ್ಬಕ್ಕೆ ತುಂಬುವ ಕೆಲಸ ಎರಡು ದಿನ ನನಗೇ ಬಿತ್ತು. ಮೂರನೆಯ ದಿನ ಸೊಂಟಕ್ಕೆ ಮುಲಾಮು ಹಚ್ಚುತ್ತ ಸರೋಜ, ಆಫೀಸಿನಲ್ಲಿ ಅಂಥದ್ದೇನು ಬರೀತೀರಿ ಎಂದು ಕೇಳಿದಳು.

ದಡ್ಡ ಮಾತ್ರೆ ಕಿಟಕಿಯ ಮೇಜಿಗೆ ಮರಳಿತು, ನೀಲವ್ವ ಸ್ಟೂಲಿಗೆ ಮರಳಿದರು. ಜಾಣ ಮಾತ್ರೆ ನನ್ನ ಮೇಜಿಗೆ ಬಂತು. ಸುಳ್ಳು ಯಾಕೆ ಹೇಳಲಿ, ಅಲ್ಲಿ ಅದು ಬಹಳ ಚೆನ್ನಾಗಿ ಕೆಲಸ ಮಾಡಿತು. ಡ್ರಾಯಿಂಗ್, ರಿಪೋರ್ಟು, ಮೇಲು, ಎಲ್ಲಕ್ಕೂ ಸೈ. ನನ್ನ ಕೈಗೆ ಎಣ್ಣೆಯಿರಲಿಲ್ಲ, ನನಗೆ ಬೇಕಾದಷ್ಟು ಪುರಸೊತ್ತಿತ್ತು. ಹಾಗಾಗಿ ಟ್ಯಾಬ್ಲೆಟ್ಟಿಗೆ ಪೂರ್ತಿ ವ್ಯವಸ್ಥೆ ಬೇಕೋ ಬೇಡವೋ ಎಂದು ನೀವು ಕೇಳಿದರೆ, ಯಾರ ಕೈಗೆ ಎಂದು ನಾನು ತಿರುಗಿ ಕೇಳಬೇಕು. ಕೇಳಬೇಕು ಅಂತ ಗೊತ್ತು. ಕೇಳುವುದಿಲ್ಲ, ಅದು ಬೇರೆ ಮಾತು.

ಮರುವಾರ ನೀಲವ್ವ ತಮ್ಮ ಮಾತ್ರೆಯ ಬೆನ್ನಿಗೆ ಪ್ಲಾಸ್ಟರ್ ಹಚ್ಚಿ, ಅಳತೆ ಬಿಟ್ಟು ಬೇರೆ ಕೆಲಸಕ್ಕೆ ಯಾರೂ ಮುಟ್ಟದಿರಲೆಂದು ಸೂಚನೆ ಬರೆದಿದ್ದರು. ನೋಡಿದೊಡನೆ ನನ್ನ ಪಾಂಡಿತ್ಯ ಎದ್ದಿತು. "ನೀಲವ್ವ, ಮಾತ್ರ ಅಂತ ಆಗಬೇಕು. ಮಾತ್ರೆ ಅಂತ ಬರೆದಿದ್ದೀರಿ. ತಪ್ಪಾಗಿದೆ."

"ಹೌದೇನ್ರಿ?" ಎಂದು ಅವರು ಪಟ್ಟಿಯನ್ನು ದೂರ ಹಿಡಿದು ನೋಡಿದರು. "ನಾವು ಗುಳಿಗಿ ಅಂತೀವ್ರಿ. ನಿಮಗ ತಿಳೀಲಿ ಅಂತ ಮಾತ್ರೆ ಅಂತ ಬರದೀನಿ. ತಲಿನೋವಿಗೆ ಒಂದು, ಜ್ವರಕ್ಕ ಒಂದು, ಅಳತಿ ಬರಿಯಾಕ ಒಂದು. ಎಲ್ಲಾ ಬ್ಯಾನಿಗೂ ಒಂದ ಗುಳಿಗಿ ಕೊಡೋ ಡಾಕ್ಟರ್ ಕಡಿ ನೀವು ಹೋಗ್ತೀರೇನ್ರಿ?"

ಬೇಕೆಂದೇ ಬರೆದದ್ದೋ, ತಪ್ಪಿ ಬರೆದು ಆಮೇಲೆ ಹೊಳೆದದ್ದೋ, ನಾನು ಕೇಳಲಿಲ್ಲ. ನಾನು ನಿವೃತ್ತನಾದ ದಿನ, ಬ್ಯಾಟರಿ ಸತ್ತು ಮೂಲೆ ಸೇರಿದ್ದ ಆ ಹಳೆಯದನ್ನು ನೀಲವ್ವ ಬನಿಯನ್ ಬಟ್ಟೆಯಲ್ಲಿ ಸುತ್ತಿ ಕೊಟ್ಟರು. ಅವರಿಗೆ ಅದೇ ಜಾತಿಯ ಇನ್ನೊಂದು ದಡ್ಡ ಬಂದಿತ್ತು.

ಮೊನ್ನೆ ಅದನ್ನು ಹಾಗೇ ಕೈಯಲ್ಲಿ ಹಿಡಿದು ನಡುಮನೆಗೆ ಹೋದೆ. ಸರೋಜ ಹಾಡಿನ ಪುಸ್ತಕವನ್ನು ಮೂಗಿನ ತುದಿಗೆ ಹಿಡಿದು ಕೂತಿದ್ದಳು.

"ನಿನಗೆ ಟ್ಯಾಬ್ಲೆಟ್ ಯಾತಕ್ಕೆ ಬೇಕು?" ಎಂದು ಕೇಳಿದೆ.

ಅವಳು ಪುಸ್ತಕ ಕೆಳಗಿಟ್ಟು ನನ್ನನ್ನೇ ನೋಡಿದಳು. "ಒಂದು ವಾರದಿಂದ ಕಾಯ್ತಾ ಇದೀನಿ ಈ ಮಾತಿಗೆ. ಅಕ್ಷರ ಕಾಣ್ತಿಲ್ಲ ಕಣ್ರೀ. ಹಾಡು ದೊಡ್ಡದಾಗಿ ಕಂಡರೆ ಸಾಕು. ಇನ್ನೇನೂ ಬೇಡ."

ಇನ್ನೇನೂ ಬೇಡ! ನನ್ನ ಎರಡು ಪುಟದ ಪಟ್ಟಿಯನ್ನು ಮಡಿಸಿ ಜೇಬಿಗಿಟ್ಟುಕೊಂಡೆ. ಸಂಜೆಯೇ ಹೋಗಿ ದಡ್ಡದೊಂದನ್ನು ತಂದು, ಬೆನ್ನಿಗೆ ಪ್ಲಾಸ್ಟರ್ ಹಚ್ಚಿ, ಮರುದಿನ ಬೆಳಿಗ್ಗೆ ಅವಳ ಮುಂದಿಟ್ಟೆ. "ಹಾಡು ಓದಲು ಮಾತ್ರೆ." ಮೂವತ್ತು ವರ್ಷ ಮಕ್ಕಳಿಗೆ ಕನ್ನಡ ಕಲಿಸಿದವಳು ಸುಮ್ಮನಿರುತ್ತಾಳೆಯೇ?

"ಮಾತ್ರ ಅಂತಾಗಬೇಕು. ಎತ್ವ ಯಾಕೆ ಬಂತು? ತಪ್ಪು."

ಮೊದಲು ಹಾಗೆ ಬರೆದವರನ್ನೇ ಕೇಳೋಣ ಎಂದು ನೀಲವ್ವನಿಗೆ ಫೋನು ಹಚ್ಚಿ ಸ್ಪೀಕರಿಗೆ ಹಾಕಿದೆ. ಲೇತಿನ ಸದ್ದಿನ ನಡುವಿನಿಂದ ಧ್ವನಿ ಬಂತು. "ಕೈಯಾಗ ಪಿನ್ ಐತ್ರಿ ಸರ್, ಲಗೂನ ಹೇಳ್ರಿ."

ಎತ್ವದ ವಿಷಯ ಮರೆತುಹೋಯಿತು. "ಹೇಗಿದ್ದೀರಿ ನೀಲವ್ವ?" ಎಂದಷ್ಟೇ ಕೇಳಿದೆ.

"ಕುಂತೀನ್ರಿ ಸರ್" ಎಂದರು.