ಆರು ಶೂ, ಆರು ಗೂಡು

ಯಲಹಂಕದ ದೇವಸ್ಥಾನದ ಮುಂದೆ ಎರಡು ಸಲ ಹೊಸ ಚಪ್ಪಲಿ ಕಳಕೊಂಡ ಮೇಲೆ ನಾನೊಂದು ಅಭ್ಯಾಸ ಮಾಡಿಕೊಂಡಿದ್ದೇನೆ. ಎಡಗಾಲಿನದನ್ನು ಒಂದು ಮೂಲೆಯಲ್ಲಿ, ಬಲಗಾಲಿನದನ್ನು ಇನ್ನೊಂದು ಮೂಲೆಯಲ್ಲಿ ಬಿಡುತ್ತೇನೆ. ಒಂಟಿ ಚಪ್ಪಲಿ ಯಾವ ಕಳ್ಳನಿಗೆ ಬೇಕು?

ಕೆಲಸದ ಮೇಲೆ ಜಪಾನಿನಲ್ಲಿದ್ದಾಗ ಒಂದು ಭಾನುವಾರ ಹೆಂಡತಿ, ಮಗಳ ಜೊತೆ ಕ್ಯೋಟೋ ಸುತ್ತಲು ಹೋಗಿದ್ದೆ. ಅಲ್ಲೊಂದು ದೇವಾಲಯದಲ್ಲಿ ಶೂ ಬಿಚ್ಚಬೇಕಿತ್ತು. ಬೀಗವಿಲ್ಲ, ಟೋಕನ್ ಇಲ್ಲ, ಬರೀ ಮರದ ಗೂಡುಗಳು. ಪೊರಕೆ ಹಿಡಿದ ಮುದುಕನೊಬ್ಬ ನಮ್ಮನ್ನೇ ನೋಡಿ ನಗುತ್ತಿದ್ದ. ಗುರುತಿಲ್ಲ ಪರಿಚಯವಿಲ್ಲ, ಯಾಕೆ ನಗಬೇಕು? ಅವನು ಅತ್ತ ತಿರುಗಿದ್ದೇ ತಡ, ಮೂವರ ಆರು ಶೂಗಳನ್ನೂ ಆರು ಗೂಡಿನಲ್ಲಿಟ್ಟೆ.

"ಇಲ್ಲಿ ಯಾರೂ ಕದಿಯಲ್ಲ ಕಣ್ರೀ," ಅಂದಳು ಹೆಂಡತಿ.

"ಯಲಹಂಕದಲ್ಲೂ ನೀನು ಇದನ್ನೇ ಹೇಳಿದ್ದೆ."

ಒಳಗೆ ಬುದ್ಧ ಹೇಗಿದ್ದನೋ, ನನ್ನ ಕಣ್ಣೆಲ್ಲ ಬಾಗಿಲ ಮೇಲೆ. ಹೊರಗೆ ಬಂದರೆ ಆರು ಗೂಡೂ ಖಾಲಿ!

"ನೋಡಿದ್ಯಾ? ಆ ಮುದುಕನೇ!" ಅಂತ ಕೂಗಿದೆ.

ಮುದುಕ ಓಡಿ ಬಂದು, ಮೆಟ್ಟಿಲ ಕಡೆ ಕೈ ತೋರಿಸಿ, ಸೊಂಟ ಬಗ್ಗಿಸಿ ಏನೋ ಹೇಳತೊಡಗಿದ. ಮೆಟ್ಟಿಲ ಕೆಳಗೆ ನಮ್ಮ ಮೂರೂ ಜೊತೆ ಶೂಗಳು, ಹಾಕಿಕೊಳ್ಳಲು ಸಲೀಸಾಗಲೆಂದು ಹೊರಮುಖವಾಗಿ, ಸಾಲಾಗಿ ಕೂತಿದ್ದವು.

ಅಲ್ಲಿನ ಶಾಲೆಗೆ ಹೋಗುವ ಮಗಳು ಅವನ ಮಾತನ್ನು ಕನ್ನಡದಲ್ಲಿ ಹೇಳಿದಳು: "ಯಾರೋ ನಮ್ಮ ಶೂ ಎಲ್ಲಾ ಚೆಲ್ಲಾಪಿಲ್ಲಿ ಮಾಡಿದ್ರಂತೆ ಅಪ್ಪಾ. ಇವರೇ ಹುಡುಕಿ ಜೋಡಿಸಿದ್ರಂತೆ. ಸಾರಿ ಕೇಳ್ತಿದಾರೆ."

"ಯಾರೋ!" ಅಂತ ಹೆಂಡತಿ ನನ್ನ ಕಡೆ ತಿರುಗಿದಳು.

ಮುಂದಿನ ದೇವಾಲಯದಲ್ಲಿ ಅವರಿಬ್ಬರ ಶೂಗಳನ್ನು ಮರ್ಯಾದೆಯಾಗಿ ಜೋಡಿಯಾಗಿಯೇ ಇಟ್ಟೆ. ನನ್ನವು ಕಾಲಲ್ಲೇ ಇದ್ದವು. ಕಾಯೋದಕ್ಕೆ ಒಬ್ಬರಾದರೂ ಹೊರಗೆ ಬೇಡವೇ?