ಎಡಗಡೆ ಸವೆದ ಟೈರು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಫಿಲಿಪ್ ಐಲ್ಯಾಂಡಿನ ರೇಸ್ ಟ್ರ್ಯಾಕಿಗೆ ಸಮುದ್ರದ ಕಡೆಯಿಂದ ಗಾಳಿ ನುಗ್ಗುತ್ತಿದೆ. ಕಿವಿ ಕಿತ್ತುಹೋಗುವಂಥ ಚಳಿ. ನಿಲ್ಲಿಸಿದ ಬೈಕುಗಳ ಸಾಲಿನಲ್ಲಿ ಗ್ವೆಂಡಾ ಹೂಕ್‌ಸ್ತ್ರಾ ಒಂದೊಂದೇ ಟೈರಿನ ಮೇಲೆ ಅಂಗೈ ಇಟ್ಟು, ಗಾಳಿ ಅಳೆಯುವ ಗೇಜು ಒತ್ತಿ, ಗಾಳಿ ಇಳಿಸುತ್ತಾ ಕುಂಟಿಕೊಂಡು ಬರುತ್ತಿದ್ದಾರೆ. ಕೊಳಾಯಿ ಕೆಲಸದ ಸ್ಪೈರೋನ ಬೈಕಿನ ಹತ್ತಿರ ಬಂದದ್ದೇ ತಡ, ಬಾಯಿ ಶುರು.

“ನಲವತ್ತೆರಡು! ಹೈವೇಗೆ ಹಾಕಿದ ಗಾಳೀಲೇ ಟ್ರ್ಯಾಕಿಗೆ ಇಳೀತೀಯೇನೋ? ಟೈರಾ ಇದು, ಬಲೂನಾ?”

“ಮರೆತೇ ಹೋಯ್ತು, ಗ್ವೆಂಡಾ.”

“ತಲೇನ ಮನೇಲಿ ಮರೆತು ಬಂದಿಲ್ವಲ್ಲ, ಪುಣ್ಯ!”

ಬೈಗುಳ ಸುಮ್ಮನೆ ಅಲ್ಲ. ತಿರುವಿನಲ್ಲಿ ಬೈಕು ವಾಲಿದಷ್ಟೂ ಟೈರು ಕಾಯುತ್ತದೆ, ಒಳಗಿನ ಗಾಳಿ ಉಬ್ಬುತ್ತದೆ. ಮೊದಲೇ ಬಿಗಿಯಾಗಿದ್ದರೆ ನೆಲಕ್ಕೆ ತಾಗುವ ಜಾಗ ಇಷ್ಟೇ ಇಷ್ಟು. ಜಾರಿದಿರೋ, ಎಲುಬು ಎಣಿಸಿಕೊಳ್ಳಬೇಕು. ಟ್ರ್ಯಾಕ್ ಡೇ ಅಂದರೆ ಪಂದ್ಯವೇನಲ್ಲ. ನರ್ಸು, ಬಡಗಿ, ಮೇಷ್ಟ್ರು, ಯಾರು ಬೇಕಾದರೂ ಸ್ವಂತ ಬೈಕು ತಂದು ಮನಸಾರೆ ಓಡಿಸುವ ದಿನ. ಸಂಜೆ ಇವರೆಲ್ಲ ನೆಟ್ಟಗೆ ಮನೆ ಸೇರಬೇಕು ಅನ್ನುವುದಷ್ಟೇ ಗ್ವೆಂಡಾರ ಹಟ.

ಹತ್ತಿರದ ಕೊರಂಬರಾ ಊರಿನ ಹಾಲಿನ ಕೊಟ್ಟಿಗೆಯಲ್ಲಿ ಅರ್ಧ ಆಯಸ್ಸು ಕಳೆದ ಕೈ ಅದು. “ಹಸುವಿನ ಕೆಚ್ಚಲು ಮುಟ್ಟಿ ಜ್ವರ ಇದ್ಯೋ ಇಲ್ವೋ ಹೇಳ್ತಿದ್ದೆ. ಟೈರೂ ಹಾಗೇ ಕಣಪ್ಪಾ, ಒದೆಯಲ್ಲ ಅಷ್ಟೇ,” ಎಂದು ನಗುತ್ತಾರೆ. ಹಸುಗಳನ್ನು ಮಾರಿದ ಮೇಲೆ, ಟ್ರ್ಯಾಕ್ಟರಿನ ಟೈರು ಬಿಚ್ಚಿ ಕಲಿತ ವಿದ್ಯೆಯನ್ನು ನಂಬಿ, ಟ್ರ್ಯಾಕಿಗೇ ಬಂದು ಟೈರು ಕೆಲಸ ಮಾಡಲು ಹಳೇ ವ್ಯಾನು ಕೊಂಡರು. ಅದಾಗಿ ಇಪ್ಪತ್ತು ವರ್ಷ ದಾಟಿತು. ದಿನಕ್ಕೆ ಮೂವತ್ತು ನಲವತ್ತು ಚಕ್ರ ಬಿಚ್ಚಿ ಹಾಕುತ್ತಾರೆ. ಸಿಮೆಂಟಿನ ಮೇಲೆ ಊರಿ ಊರಿ ಎಡ ಮಂಡಿ ಸವೆದೇ ಹೋಗಿದೆ.

ಈ ಟ್ರ್ಯಾಕೂ ಎಡಗಡೆಯನ್ನೇ ತಿನ್ನುತ್ತದೆ. ತಿರುವುಗಳು ಹೆಚ್ಚಾಗಿ ಎಡಕ್ಕೇ. ಮಧ್ಯಾಹ್ನದ ಹೊತ್ತಿಗೆ ಹಿಂದಿನ ಟೈರಿನ ಎಡಭಾಗ ತುರಿಮಣೆಗೆ ಉಜ್ಜಿದ ಹಾಗಾಗಿರುತ್ತದೆ, ಬಲಭಾಗ ಹೊಸದಾಗೇ ಇರುತ್ತದೆ. ಆಗ ಶುರುವಾಗುತ್ತದೆ ಗೋಳು: “ಬಿಚ್ಚಿ ಉಲ್ಟಾ ಹಾಕ್ಕೊಡು ಗ್ವೆಂಡಾ, ಬಲಗಡೇದು ಎಡಕ್ಕೆ ಬರ್ಲಿ.” ಅವರು ಮೊದಲು ಆಕಾಶ ನೋಡುತ್ತಾರೆ. ಮೋಡ ಕಂಡರೆ ಜಪ್ಪಯ್ಯ ಅಂದರೂ ಒಪ್ಪುವುದಿಲ್ಲ. ತಿರುಗಿಸಿದ ಟೈರಿನ ಗೆರೆಗಳು ಮಳೆನೀರನ್ನು ಸರಿಯಾಗಿ ಆಚೆ ತಳ್ಳುವುದಿಲ್ಲವಲ್ಲ!

ಇಷ್ಟೆಲ್ಲ ಮಾಡುವ ಗ್ವೆಂಡಾ ಈ ಟ್ರ್ಯಾಕಿನಲ್ಲಿ ಒಂದು ಸುತ್ತೂ ಹೋದವರಲ್ಲ ಅಂದರೆ ನಂಬುತ್ತೀರಾ? ಮನೆಯಲ್ಲಿ ಸ್ವಂತ ಬೈಕಿದೆ. ಆಸೆಯೂ ಬೆಟ್ಟದಷ್ಟಿದೆ. “ನಾನು ಒಳಗೆ ಹೋದ್ರೆ ಹೊರಗೆ ಇವರ ಟೈರ್ ಯಾರು ನೋಡ್ತಾರೆ?” ಅನ್ನುತ್ತಲೇ ವರ್ಷಗಳು ಉರುಳಿದವು. ಈಗ ಬರುವ ತಿಂಗಳು ಮಂಡಿ ಬದಲಿಸುವ ಆಪರೇಷನ್ನು. ಆಮೇಲೆ ಬೈಕಿನ ಮೇಲೆ ಅಷ್ಟು ಕಾಲು ಮಡಚಿ ಕೂರುವ ಮಾತೇ ಬೇಡ ಎಂದು ಡಾಕ್ಟರು ಖಡಾಖಂಡಿತ ಹೇಳಿದ್ದಾರೆ. ಹೋದರೆ ಇವತ್ತು, ಇಲ್ಲದಿದ್ದರೆ ಇಲ್ಲ. ಸ್ಪೈರೋ ಮತ್ತವನ ಗೆಳೆಯರು ಕೊನೆಯ ಸರದಿಯಲ್ಲಿ ಅವರ ಹೆಸರು ಬರೆಸಿಬಿಟ್ಟಿದ್ದಾರೆ. ವ್ಯಾನು ಓಡಿಸಿಕೊಂಡು ಬಂದು ಕಾಯಲು ಗಂಡ ಬ್ರಾಮ್ ಇದ್ದಾರೆ; ಗ್ವೆಂಡಾ ತಮ್ಮ ಬೈಕಿನಲ್ಲೇ ಬಂದಿದ್ದಾರೆ.

ಹೊತ್ತು ಇಳಿದಾಗ ಗ್ವೆಂಡಾ ಯಾರದೋ ಚರ್ಮದ ಉಡುಪಿನೊಳಗೆ ಹೇಗೋ ತೂರಿಕೊಂಡು, ಬೆಳಗಿನಿಂದ ವ್ಯಾನಿನ ನೆರಳಲ್ಲಿ ನಿಂತಿದ್ದ ತಮ್ಮ ಬೈಕು ಹತ್ತುತ್ತಾರೆ. ಟ್ರ್ಯಾಕಿನ ಬಾಗಿಲಲ್ಲಿ ಸ್ಪೈರೋ ಅಡ್ಡ ನಿಂತಿದ್ದಾನೆ, ಕೈಯಲ್ಲಿ ಗೇಜು.

“ಗಾಳಿ ನೋಡ್ಕೊಂಡ್ಯಾ?”

“ಯಾರ ಹತ್ರ ಕೇಳ್ತಿದೀಯೋ ನೀನು? ದಾರಿ ಬಿಡು!”

ಅವನು ಬಿಡುವುದಿಲ್ಲ. ಹಿಂದಿನ ಟೈರಿಗೆ ಗೇಜು ಒತ್ತಿ, ನೋಡಿ, ಸುತ್ತಲಿದ್ದವರಿಗೆಲ್ಲ ಕೇಳುವ ಹಾಗೆ ಕೂಗುತ್ತಾನೆ. “ನಲವತ್ತೆರಡು!”

ಮನೆಯಿಂದ ಹೈವೇಯಲ್ಲಿ ಬರಲು ಹಾಕಿದ ಗಾಳಿ ಹಾಗೇ ಇದೆ. ಎಲ್ಲರ ಟೈರು ನೋಡಿದವರು ತಮ್ಮದನ್ನೇ ಮುಟ್ಟಿಲ್ಲ. ಸಾಲಿನಲ್ಲಿದ್ದ ಅಷ್ಟೂ ಜನ ಒಂದೇ ದನಿಯಲ್ಲಿ, “ಟೈರಾ ಇದು, ಬಲೂನಾ?”

“ಅಯ್ಯೋ, ನನ್ನ ಮಾನ ಹೋಯ್ತಲ್ಲಪ್ಪಾ!” ಹೆಲ್ಮೆಟ್ಟಿನೊಳಗೇ ನಕ್ಕು ನಕ್ಕು ಅವರ ಕಣ್ಣಲ್ಲಿ ನೀರು. ಸ್ಪೈರೋ ಮಾತ್ರ ಈಗ ನಗುತ್ತಿಲ್ಲ. ಮಂಡಿಯೂರಿ, ಅವರೇ ಕಲಿಸಿದ ಹಾಗೆ ಸ್ವಲ್ಪ ಸ್ವಲ್ಪವೇ ಗಾಳಿ ಬಿಟ್ಟು, ಎರಡೆರಡು ಸಲ ನೋಡಿ, ಮುಂದಿನದನ್ನೂ ಸರಿಮಾಡಿ, ಟೈರಿನ ಮೇಲೆ ಅಂಗೈ ಇಡುತ್ತಾನೆ. “ತಣ್ಣಗಿದೆ, ಜಾರುತ್ತೆ. ಮೊದಲ ಸುತ್ತು ನಿಧಾನ. ಹೋಗ್ಬಿಟ್ಟು ಬಾ.”

ಗ್ವೆಂಡಾ ಹೋಗುತ್ತಾರೆ. ಬೇಲಿಯ ಪಕ್ಕ ಬ್ರಾಮ್ ಕೈಯಲ್ಲಿ ಹಿಡಿದ ಚಹಾ ಕುಡಿಯುವುದನ್ನೇ ಮರೆತು ನಿಂತಿದ್ದಾರೆ. ಒಂದು ಸುತ್ತು, ಎರಡು, ಮೂರು. ಸಮುದ್ರದತ್ತ ಇಳಿಯುವ ತಿರುವಿನಲ್ಲಿ ಪ್ರತಿಸಲವೂ ಇನ್ನಷ್ಟು ವಾಲುತ್ತಾರೆ.

ಮರಳಿ ಬಂದವರು ಬೋರಲು ಹಾಕಿದ ಬಕೆಟ್ಟಿನ ಮೇಲೆ ಕೂತು, ತಮ್ಮ ಟೈರಿನ ಮೇಲೆ ಅಂಗೈ ಇಟ್ಟು ಎಷ್ಟೋ ಹೊತ್ತು ತೆಗೆಯುವುದೇ ಇಲ್ಲ. “ಬಲಗಡೆ ಅಂಗಡೀಲಿದ್ದ ಹಾಗೇ ಇದೆ,” ಎಂದು ಸ್ಪೈರೋ ಕಾಲೆಳೆಯುತ್ತಾನೆ. ಬ್ರಾಮ್ ನೀರಿನ ಪೈಪು ಎತ್ತಿಕೊಂಡು, “ಎಲ್ಲಾ ರಬ್ಬರ್ ಪುಡಿ ಅಂಟಿದೆ, ತೊಳೀಲಾ?” ಅನ್ನುತ್ತಾರೆ.

“ಎಡಗಡೆ ಮುಟ್ಟಿದ್ರೆ ನೋಡು ಮತ್ತೆ!” ಗ್ವೆಂಡಾ ಗದರುತ್ತಾರೆ. “ಬೇರೆಯವರು ಸವೆಸಿದ್ದನ್ನ ಸಾಕಷ್ಟು ಬಿಚ್ಚಿದೀನಿ. ಇದು ನಾನು ಸವೆಸಿದ್ದು.”